ಸೂಜಿಗೆ ಅಡ್ಡಿಯಿಲ್ಲ, ಮಾತ್ರೆ ಬಿಡಬೇಡಿ

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಇರುವವರು ಬರೆದ ಪತ್ರಗಳಲ್ಲಿ ಈ ಸಲವೂ ಸೂಜಿ ಚಿಕಿತ್ಸೆಯದೇ, ಅಂದರೆ ಅಕ್ಯುಪಂಕ್ಚರಿನದೇ, ಕಾರುಬಾರು. ಎಂಎಸ್ ಎಂದರೆ ಮಿದುಳು, ಬೆನ್ನುಹುರಿಯ ನರತಂತುಗಳ ಹೊದಿಕೆಯನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾಳುಮಾಡುವ ಕಾಯಿಲೆ. ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ಬಂದವರಿಗೆ ಅದು ಚೆನ್ನಾಗಿಯೇ ಗೊತ್ತು. ಒಂದು ಪತ್ರಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಉಳಿದವಕ್ಕೆ ಒಂದೆರಡು ಸಾಲು ಸಾಕು.

ಪ್ರಶ್ನೆ: ನನಗೆ 36 ವರ್ಷ. ಎಂಎಸ್ ಎಂದು ಗೊತ್ತಾಗಿ ಐದು ವರ್ಷವಾಯಿತು. ಆರು ತಿಂಗಳಿಂದ ಎರಡೂ ಅಂಗಾಲು ಕೆಂಡ ತುಳಿದಂತೆ ಉರಿಯುತ್ತವೆ, ರಾತ್ರಿ ಹೊದಿಕೆ ತಾಗಿದರೂ ತಡೆಯಲಾಗುವುದಿಲ್ಲ. ನರನೋವಿನ ಮಾತ್ರೆ ಪ್ರಿಗ್ಯಾಬಲಿನ್ ತೆಗೆದುಕೊಂಡರೆ ಹಗಲೆಲ್ಲ ತೂಕಡಿಕೆ. ಇಲ್ಲಿನ ಅಕ್ಯುಪಂಕ್ಚರ್ ಕೇಂದ್ರದವರು ಇಪ್ಪತ್ತು ಸಿಟ್ಟಿಂಗ್‌ಗಳಲ್ಲಿ ನೋವಷ್ಟೇ ಅಲ್ಲ, ರೋಗವೇ ಬುಡಸಮೇತ ಹೋಗುತ್ತದೆ, ಆದರೆ ಇಂಗ್ಲಿಷ್ ಮಾತ್ರೆ ನಿಲ್ಲಿಸಬೇಕು ಎನ್ನುತ್ತಾರೆ. ಹೋಗಲೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ನೋವಿಗೆ ಬೇಕಾದರೆ ಹೋಗಿ ನೋಡಿ. ರೋಗ ವಾಸಿಯಾಗಲಿ ಎಂದು ಹೋಗಬೇಡಿ. ಮಾತ್ರೆ ನಿಲ್ಲಿಸಿ ಎಂದವರ ಬಾಗಿಲಿಗಂತೂ ಯಾವುದಕ್ಕೂ ಹೋಗಬೇಡಿ.

ಅದಕ್ಕೂ ಮೊದಲು, ಆರು ತಿಂಗಳಿಂದ ಹೊಸದಾಗಿ ಶುರುವಾದ ಉರಿ ಎಂದು ಬರೆದಿದ್ದೀರಿ. ಬಿ12 ವಿಟಮಿನ್ ನೋಡಿಸಿದ್ದೀರಾ? ಸಕ್ಕರೆ? ಎಂಎಸ್ ಇದ್ದವರಿಗೆ ಬೇರೆ ಕಾಯಿಲೆ ಬರಬಾರದು ಎಂಬ ನಿಯಮವೇನೂ ಇಲ್ಲ. ಮೊಟ್ಟೆ ಮಾಂಸ ಮುಟ್ಟದವರಲ್ಲಿ ಬಿ12 ಕೊರತೆಯಿಂದ ಅಂಗಾಲು ಉರಿಯುವುದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಅದನ್ನು ಸೂಜಿಯಿಂದ ಓಡಿಸಲು ಹೊರಟರೆ ಅಷ್ಟರಲ್ಲಿ ನರ ಇನ್ನಷ್ಟು ಸೊರಗುತ್ತದೆ.

ಇದು ಎಂಎಸ್‌ನದೇ ಉರಿಯಾದರೆ, ಅದು ಹುಟ್ಟುವುದು ಪಾದದಲ್ಲಲ್ಲ. ಬೆನ್ನುಹುರಿಯಲ್ಲಿ ಹೊದಿಕೆ ಕಳೆದುಕೊಂಡ ನರತಂತುಗಳು ಪಾದದ ಹೆಸರಿನಲ್ಲಿ ಮಿದುಳಿಗೆ ಸುಳ್ಳು ದೂರು ಕೊಡುತ್ತಿರುತ್ತವೆ. ಎಂಎಸ್‌ನಲ್ಲಿ ನೋವು ಒಂದೇ ಬಗೆಯದಲ್ಲ ಎಂಬುದನ್ನು ಸೂಜಿಯವರು ಕೇಳುವುದೇ ಇಲ್ಲ. ಮುಖದ ಒಂದು ಪಕ್ಕ ಕರೆಂಟು ಹೊಡೆದಂತಾದರೆ ಅದಕ್ಕೆ ಕಾರ್ಬಮಜೆಪಿನ್ ಇದೆ. ಕಾಲು ಮರದ ಕೊರಡಿನಂತೆ ಸೆಟೆದು ಹಿಂಡಿದರೆ ಬ್ಯಾಕ್ಲೊಫೆನ್ ಮತ್ತು ವ್ಯಾಯಾಮ. ಒಂದು ಕಾಲು ಎಳೆದುಕೊಂಡು ವರ್ಷಗಟ್ಟಲೆ ನಡೆದು ಸೊಂಟ, ಭುಜ ಹಿಡಿದುಕೊಂಡಿದ್ದರೆ ಅದು ಸ್ನಾಯುವಿನ ನೋವು. ಸೂಜಿಯ ಮೇಲೆ ನನಗೆ ಅಷ್ಟಿಷ್ಟು ಭರವಸೆ ಇರುವುದು ಅಲ್ಲಿ ಮಾತ್ರ.

ಆ ಭರವಸೆಗೂ ಒಂದು ಮಿತಿಯಿದೆ. ಜರ್ಮನಿಯಲ್ಲಿ ಸೊಂಟನೋವಿನ 1162 ಮಂದಿಯ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಶಾಸ್ತ್ರೋಕ್ತ ಬಿಂದುಗಳಿಗೆ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ. 47.6 ಮಂದಿಗೆ ಆರು ತಿಂಗಳ ನಂತರ ಗುಣ ಕಂಡಿತು. ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಮಾತ್ರೆ, ವ್ಯಾಯಾಮದ ಮಾಮೂಲು ಚಿಕಿತ್ಸೆಯವರಲ್ಲಿ ಶೇ. 27.4. ಸೂಜಿಯಿಂದ ಏನೂ ಆಗುವುದಿಲ್ಲ ಎನ್ನುವ ನನ್ನ ಸಹೋದ್ಯೋಗಿಗಳು ಕೊನೆಯ ಅಂಕಿಯನ್ನು ನೋಡಲಿ. ಗೋಡೆಗೆ ಬಿಂದುಗಳ ನಕ್ಷೆ ತೂಗುಹಾಕಿದವರು ಮೊದಲೆರಡನ್ನು ನೋಡಲಿ. ಎಂಎಸ್ ನೋವಿನ ಬಗ್ಗೆ ಇರುವುದೆಲ್ಲ ಪುಟ್ಟ ಪುಟ್ಟ ಅಧ್ಯಯನಗಳು. ಅವನ್ನು ನಂಬಿ ಇಪ್ಪತ್ತು ಸಿಟ್ಟಿಂಗಿಗೆ ಮುಂಗಡ ಕೊಡಬೇಡಿ.

ರೋಗವೇ ಹೋಯಿತು ಎನ್ನುವವರ ಕತೆಯಲ್ಲಿ ಗುಟ್ಟೇನೂ ಇಲ್ಲ. ಹೆಚ್ಚಿನವರಲ್ಲಿ ಎಂಎಸ್ ಕೆರಳುತ್ತದೆ, ತಾನಾಗಿ ತಣಿಯುತ್ತದೆ. ತಣಿಯುವ ಹೊತ್ತಿಗೆ ಯಾರು ಕೈಯಿಟ್ಟಿದ್ದರೋ ಅವರಿಗೆ ಹೆಸರು. ಅದನ್ನು ನಂಬಿ ಮಾತ್ರೆ ಬಿಟ್ಟವರು ಆಮೇಲೆ ಬರುವುದು ನಮ್ಮ ತುರ್ತು ವಿಭಾಗಕ್ಕೆ. ಬ್ಯಾಕ್ಲೊಫೆನ್ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು. ಎಂಎಸ್ ಹತೋಟಿಯ ಮಾತ್ರೆ ಫಿಂಗೊಲಿಮೋಡ್ ನಿಲ್ಲಿಸಿದ ಕೆಲವರಲ್ಲಿ ರೋಗ ಮೊದಲಿಗಿಂತ ಜೋರಾಗಿ ಮರಳುತ್ತದೆ. ಆಗ ಸೂಜಿಯವರ ಫೋನು ಸ್ವಿಚ್ ಆಫ್.

ಇಷ್ಟಾದ ಮೇಲೂ ಹೋಗುವಿರಾದರೆ, ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ರಿಟುಕ್ಸಿಮ್ಯಾಬ್‌ನಂತಹ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧದಲ್ಲಿದ್ದರೆ ಮೊದಲೇ ಹೇಳಿ. ಚರ್ಮದ ಸಣ್ಣ ಸೋಂಕೂ ನಿಮಗೆ ಸಣ್ಣದಲ್ಲ. ಎದೆ, ಹೆಗಲಿನ ಮೇಲ್ಭಾಗದಲ್ಲಿ ಆಳವಾಗಿ ಚುಚ್ಚಲು ಬಿಡಬೇಡಿ, ಸೂಜಿ ಶ್ವಾಸಕೋಶಕ್ಕೆ ತಾಗಿದ ಉದಾಹರಣೆಗಳಿವೆ. ಸೂಜಿಯ ಜೊತೆಗೆ ಮೂಲಿಕೆ ಸುಟ್ಟು ಕೊಡುವ ಶಾಖವಾಗಲಿ, ಕೆಂಪು ದೀಪವಾಗಲಿ ಬೇಡವೇ ಬೇಡ. ಮೈ ಬಿಸಿಯಾದರೆ ಎಂಎಸ್ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುತ್ತವೆ. ಮೈ ದಣಿದಾಗ ಎಂಎಸ್ ರೋಗಿಗಳ ದೃಷ್ಟಿ ತಾತ್ಕಾಲಿಕವಾಗಿ ಮಂಜಾಗುವುದನ್ನು ಉಥಾಫ್ ಎಂಬ ಜರ್ಮನ್ ವೈದ್ಯರು 1890ರಲ್ಲೇ ಬರೆದಿಟ್ಟಿದ್ದರು. ಅದಿರಲಿ, ಮರಗಟ್ಟಿದ ಪಾದಕ್ಕೆ ಸುಟ್ಟದ್ದು ಗೊತ್ತಾಗುವುದಿಲ್ಲ. ನನ್ನ ರೋಗಿಯೊಬ್ಬರು ಬೊಬ್ಬೆ ಎದ್ದ ಹಿಮ್ಮಡಿಯನ್ನು ಮನೆಗೆ ಹೋಗಿ ಸಾಕ್ಸ್ ಕಳಚಿದಾಗ ಕಂಡರು. ಗಾಯ ಒಣಗಲು ಎರಡು ತಿಂಗಳು ಹಿಡಿಯಿತು. ಈ ವಿಷಯದಲ್ಲಿ ನನ್ನ ಭಯ ತುಸು ಹೆಚ್ಚೆನಿಸಿದರೆ ಕಾರಣ ಆ ಹಿಮ್ಮಡಿ.

ಸೊನ್ನೆಯಿಂದ ಹತ್ತರವರೆಗೆ ಉರಿ ಎಷ್ಟಿತ್ತು ಎಂದು ದಿನವೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಆರು ಸಿಟ್ಟಿಂಗಿಗೂ ಅಂಕಿ ಇಳಿಯದಿದ್ದರೆ ಬಿಟ್ಟುಬಿಡಿ. ತೂಕಡಿಕೆಗೆ ಬೇರೆ ದಾರಿಯಿದೆ: ಪ್ರಿಗ್ಯಾಬಲಿನ್‌ನ ಹೆಚ್ಚಿನ ಪಾಲನ್ನು ರಾತ್ರಿಗೆ ಸರಿಸಬಹುದೇ, ಅಥವಾ ನರನೋವಿನ ಇನ್ನೊಂದು ಮಾತ್ರೆ ಡುಲೋಕ್ಸೆಟಿನ್‌ಗೆ ಬದಲಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಇಪ್ಪತ್ತು ಸಿಟ್ಟಿಂಗಿಗಿಂತ ಆ ಒಂದು ಮಾತುಕತೆ ಅಗ್ಗ.

ಪ್ರಶ್ನೆ: ಜೇನುಹುಳುವಿನಿಂದ ಕುಟುಕಿಸಿಕೊಂಡರೆ ಎಂಎಸ್ ಹತೋಟಿಗೆ ಬರುತ್ತದೆಯೇ?
ಉತ್ತರ: ನೆದರ್ಲೆಂಡ್ಸ್‌ನಲ್ಲಿ 26 ರೋಗಿಗಳ ಮೇಲೆ ಪರೀಕ್ಷಿಸಿ 2005ರಲ್ಲಿ ವರದಿ ಮಾಡಿದರು. ರೋಗವೂ ತಗ್ಗಲಿಲ್ಲ, ಸುಸ್ತೂ ತಗ್ಗಲಿಲ್ಲ. ಅಲರ್ಜಿ ಇದ್ದವರಿಗೆ ಒಂದೇ ಕುಟುಕು ಪ್ರಾಣಕ್ಕೆ ಮುಳುವಾಗಬಹುದು.

ಪ್ರಶ್ನೆ: ಮುಳ್ಳುಮುಳ್ಳಿನ ಅಕ್ಯುಪ್ರೆಶರ್ ಚಪ್ಪಲಿ?
ಉತ್ತರ: ಸ್ಪರ್ಶವೇ ತಿಳಿಯದ ಕಾಲಿಗೆ ಮುಳ್ಳಿನ ಚಪ್ಪಲಿ! ಬೇಡ.

ಪ್ರಶ್ನೆ: ನಾಡಿ ಹಿಡಿದೇ ಎಂಎಸ್ ಎಷ್ಟು ಮುಂದುವರಿದಿದೆ ಎಂದು ಹೇಳುವವರಿದ್ದಾರಂತೆ.
ಉತ್ತರ: ಹಾಗಾದರೆ ಎಂಆರ್‌ಐ ಯಂತ್ರಗಳನ್ನು ಗುಜರಿಗೆ ಹಾಕೋಣ.

ಪ್ರಶ್ನೆ: ಸೂಜಿ ಚಿಕಿತ್ಸೆಗೆ ಹೋಗುತ್ತಿರುವುದನ್ನು ನನ್ನ ನರರೋಗ ತಜ್ಞರಿಗೆ ಹೇಳಿಲ್ಲ. ಬೈಯುತ್ತಾರೆಂಬ ಹೆದರಿಕೆ.
ಉತ್ತರ: ಬೈಯುವವರಲ್ಲಿ ನಾನೂ ಒಬ್ಬ, ಅದು ನಮ್ಮ ತಪ್ಪು. ಬೈದರೂ ಹೇಳಿ. ಮುಂದಿನ ಭೇಟಿಗೆ ಮಾತ್ರೆ ಚೀಟಿಯ ಹಿಂಬದಿಯಲ್ಲಿ ಸೂಜಿ ಹಾಕಿಸಿಕೊಂಡ ದಿನಾಂಕಗಳನ್ನು ಬರೆದುಕೊಂಡು ಹೋಗಿ, ಮತ್ತು ಸೂಜಿಯವರು ಕೊಟ್ಟ ಪುಡಿ, ಕಷಾಯ ಏನಾದರೂ ಇದ್ದರೆ ಅದರ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.