ಗ್ರೌಂಡ್ ಫ್ಲೋರ್ ತಗೊಳ್ಳೋಣವೇ?

ಪ್ರಶ್ನೆ: ಬೆಂಗಳೂರಿನ ಬೆಳ್ಳಂದೂರಿನಲ್ಲಿ ನೆಲಮಹಡಿಯ ಫ್ಲ್ಯಾಟ್ ನೋಡಿದ್ದೇವೆ. ಅತ್ತೆಗೆ ಮಂಡಿನೋವು. ಕೊಳ್ಳಬಹುದೇ?

ಉತ್ತರ: ಅತ್ತೆಯವರಿಗಂತೂ ಅನುಕೂಲವೇ ತಾಯಿ, ಲಿಫ್ಟ್ ಕೆಟ್ಟರೂ ಚಿಂತೆಯಿಲ್ಲ. ನಾನೂ ನೆಲಮಹಡಿಯವಳೇ. ಬೇಸಿಗೆಯಲ್ಲಿ ತಾರಸಿ ಕೆಳಗಿನವರು ಬೇಯುವಾಗ ನಮ್ಮನೆ ತಂಪು. ಆದರೆ ಸಂಜೆ ಕಿಟಕಿ ತೆರೆದರೆ ಸೊಳ್ಳೆ. ಪರದೆ ಸರಿಸಿದರೆ ವಾಕಿಂಗ್ ಹೋಗುವವರೆಲ್ಲ ನಮ್ಮ ಸಾರಿನ ಬಣ್ಣ ಹೇಳಬಲ್ಲರು!

ನಿಮ್ಮ ಕಡೆ ದೊಡ್ಡ ಪ್ರಶ್ನೆ ನೀರಿನದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಆಸುಪಾಸಿನ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ಮಳೆನೀರು ಹರಿಯುವ ದೊಡ್ಡ ರಾಜಕಾಲುವೆ ಎಷ್ಟು ದೂರ, ಆಗ ನೀರು ಎಲ್ಲಿವರೆಗೆ ಬಂದಿತ್ತು ಎಂದು ಬಿಲ್ಡರ್‌ನನ್ನಲ್ಲ, ಪಕ್ಕದ ಇಸ್ತ್ರಿ ಅಂಗಡಿಯವರನ್ನು ಕೇಳಿ. ಒಳಚರಂಡಿಯ ಚೇಂಬರ್ ಕಟ್ಟಿಕೊಂಡರೆ ಇಡೀ ಕಟ್ಟಡದ ಕೊಳೆನೀರು ಮೊದಲು ಉಕ್ಕುವುದು ನೆಲಮಹಡಿಯ ಬಚ್ಚಲಲ್ಲೇ. ಗೋಡೆಯ ಬುಡಕ್ಕಷ್ಟೇ ಹೊಸ ಪೇಂಟ್ ಬಳಿದಿದ್ದರೆ ನೀರಿನ ಕಲೆ ಮುಚ್ಚಿರಬಹುದು, ಮುಂಗಡ ಕೊಡುವ ಮುನ್ನ ಒಂದು ಮಳೆಗಾಲ ಕಾಯಿರಿ.