ಲಾಂಗೊಲೆನ್ ಸಂಗೀತ ಸ್ಪರ್ಧೆಯ ಬಗ್ಗೆ ಊರಿನ ಹಿರಿಯರಿಂದ ಏನು ಕೇಳಿ ದಾಖಲಿಸಬೇಕು?

ವೇಲ್ಸ್‌ನ ಲಾಂಗೊಲೆನ್‌ಗೆ ಹೋಗಿ ಅಲ್ಲಿನ ಅಂತರರಾಷ್ಟ್ರೀಯ ಐಸ್ತೆದ್ವೊದ್ (ಸಂಗೀತ ಸ್ಪರ್ಧೆಯ ಉತ್ಸವ) ಬಗ್ಗೆ ಹಿರಿಯರನ್ನು ಮಾತಾಡಿಸಬೇಕು, ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀರಿ.

ಇಟಲಿಯ ಹೆಸರಾಂತ ಒಪೆರಾ ಗಾಯಕ ಪವರೊಟ್ಟಿಯಿಂದ ಮಾತ್ರ ಬೇಡ. 1955ರಲ್ಲಿ ಅವರು ತಂದೆಯ ಜೊತೆ ಮೊಡೆನಾದ ಗಾಯಕವೃಂದದಲ್ಲಿ ಹಾಡಿದ್ದು, ತಂಡ ಮೊದಲ ಬಹುಮಾನ ಗೆದ್ದದ್ದು ಊರಿಗೆಲ್ಲ ಬಾಯಿಪಾಠ. ಆಗ ಅವರು ಹೆಸರಿಲ್ಲದ ಹುಡುಗ, ಗುಂಪಿನಲ್ಲೊಬ್ಬ. ಹಾಗಾಗಿ ಆಮೇಲೆ ಓದಿದ್ದು, ಟಿವಿಯಲ್ಲಿ ಕಂಡದ್ದು ಹಿರಿಯರ ಸ್ವಂತ ನೆನಪಿನೊಳಗೆ ಬೆರೆತುಬಿಟ್ಟಿರುತ್ತದೆ. ಬಿಡಿಸಿಕೊಳ್ಳಲು, ಹಾಡು ಕೇಳಿದ್ದು ಯಾವ ಜಾಗದಲ್ಲಿ ಎಂದು ಕೇಳಿ. ಸ್ಪರ್ಧೆ ನಡೆಯುವ ಈಗಿನ ಕಾಯಂ ಸಭಾಂಗಣ, ಅಂದರೆ ಪೆವಿಲಿಯನ್, ಆದದ್ದು 1992ರಲ್ಲಿ. ಅದಕ್ಕೆ ಮೊದಲು ಸ್ಪರ್ಧೆ ನಡೆಯುತ್ತಿದ್ದದ್ದು ಡೇರೆಯಲ್ಲಿ. ಪೆವಿಲಿಯನ್ನಿನಲ್ಲೇ ಕೇಳಿದೆ ಎಂದರೆ ಅದು 1995ರಲ್ಲಿ ಪವರೊಟ್ಟಿ ಮರಳಿ ಬಂದು ಕೊಟ್ಟ ಕಛೇರಿ. ತಿದ್ದಲು ಹೋಗಬೇಡಿ, ನಿಮ್ಮ ಟಿಪ್ಪಣಿಯಲ್ಲಿ ಗುರುತು ಹಾಕಿಕೊಳ್ಳಿ ಸಾಕು.

ನಿಜವಾದ ಸಂಪತ್ತು ಇರುವುದು ಮನೆಯೊಳಗಿನ ನೆನಪುಗಳಲ್ಲಿ. 1947ರಲ್ಲಿ ಮೊದಲ ಸ್ಪರ್ಧೆ ನಡೆದಾಗ ಬ್ರಿಟನ್‌ನಲ್ಲಿ ಇನ್ನೂ ಪಡಿತರ ಇತ್ತು. ಹಂಗೇರಿಯ ತಂಡ ಫ್ರಾನ್ಸ್‌ನ ರೈಲು ಮುಷ್ಕರಕ್ಕೆ ಸಿಕ್ಕಿ, ಸಿಕ್ಕ ವಾಹನ ಹತ್ತಿ ಬಂದು ತಲುಪಿತ್ತು. ಬಂದವರಲ್ಲಿ ಅನೇಕರಿಗೆ ಊರಿನವರ ಮನೆಗಳಲ್ಲೇ ಬಿಡಾರ. ಯಾರ ಹಾಸಿಗೆ ಯಾರಿಗೆ ಹೋಯಿತು, ಸಕ್ಕರೆ ಹೇಗೆ ಹೊಂದಿಸಿದರು, ಭಾಷೆ ಬಾರದೆ ಹೇಗೆ ಮಾತಾಡಿದರು, ಆಮೇಲೆ ಕಾಗದ ಬಂತೇ ಎಂದು ಕೇಳಿ. 1949ರಲ್ಲಿ ಜರ್ಮನಿಯ ಲ್ಯೂಬೆಕ್‌ನ ತಂಡ ಬಂತು, ಯುದ್ಧ ಮುಗಿದು ನಾಲ್ಕೇ ವರ್ಷ. "ಕೋಪ ಇತ್ತಾ?" ಎಂದು ಕೇಳಿದರೆ "ಇಲ್ಲ" ಎಂಬ ಒಂದೇ ಮಾತಿಗೆ ಮುಗಿಯುತ್ತದೆ. "ಅವರು ಬರುತ್ತಾರೆಂದು ಗೊತ್ತಾದಾಗ ಅಮ್ಮ ಏನಂದರು?" ಎಂದು ಕೇಳಿ, ಸುಮ್ಮನೆ ಕಾಯಿರಿ. ಆ ಮೌನವನ್ನು ನೀವು ತುಂಬಬೇಡಿ. ವೇದಿಕೆಯ ಹೂವಿನ ಅಲಂಕಾರ ಮಾಡಿದ ಸ್ವಯಂಸೇವಕರನ್ನೂ ಮರೆಯಬೇಡಿ. ತೆರೆಯ ಹಿಂದೆ ನಡೆದದ್ದು ಅವರಿಗೆ ಗೊತ್ತಿರುತ್ತದೆ.

ಒಂದು ಸಲಕ್ಕೆ ಒಂದು ಗಂಟೆ ಮೀರಬೇಡಿ, ಹಿರಿಯರು ದಣಿಯುತ್ತಾರೆ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಶಾಲು, ಸರ ತಾಗಿದರೆ ಪರಪರ ಸದ್ದು ಬರುತ್ತದೆ, ಆಮೇಲೆ ತೆಗೆಯಲಾಗದು. 48 ಕಿಲೊಹರ್ಟ್ಸ್, 24 ಬಿಟ್ ವೇವ್ (WAV) ಧ್ವನಿ ಕಡತ ಇರಲಿ: ಮೊನೊದಲ್ಲಿ (ಒಂದೇ ಚಾನೆಲ್) ಗಂಟೆಗೆ ಸುಮಾರು 520 ಎಂಬಿ. ವೆಲ್ಷ್ ಮನೆಮಾತಿನವರಿಗೆ ವೆಲ್ಷ್‌ನಲ್ಲೇ ಹೇಳಲು ಬಿಡಿ, ದುಭಾಷಿ ಜೊತೆಗಿರಲಿ. ಮಾತು ದಾಖಲಿಸಲು ಒಂದು ಒಪ್ಪಿಗೆ, ಜಾಲದಲ್ಲಿ ಹಾಕಲು ಬೇರೊಂದು ಒಪ್ಪಿಗೆ, ಎರಡೂ ಬರಹದಲ್ಲಿ. ಹಳೆಯ ಫೋಟೊ ಕೊಟ್ಟರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ತಂಡದ ಹೆಸರು, ಇಸವಿ ಬರೆದಿಟ್ಟಿದ್ದರೆ ಅಲ್ಲೇ ಸಿಗುತ್ತದೆ.