ಮೇಲಿಂದ ಬಿದ್ದ ಕಲ್ಲಿನ ಹೊಡೆತದ ಬಲವನ್ನು ಯಂಗ್ ಮಾಡ್ಯುಲಸ್‌ನಿಂದ ಲೆಕ್ಕ ಹಾಕಬಹುದಾ?

ಚಿತ್ರದುರ್ಗದ ಕೋಟೆಯಲ್ಲಿ 10 ಮೀಟರ್ ಮೇಲಿಂದ 2 ಕೆಜಿ ಕಲ್ಲು ಬಂಡೆಗೆ ಬಿದ್ದರೆ ಬಲ ಎಷ್ಟು, ಯಂಗ್ ಮಾಡ್ಯುಲಸ್ (ಎಳೆದಾಗ, ಒತ್ತಿದಾಗ ವಸ್ತು ಆಕಾರ ಬದಲಿಸದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಅನ್ನೋದರ ಅಳತೆ) ಗೊತ್ತಿದ್ರೆ ಸಾಕಾ ಅಂತ ಕೇಳಿದ್ದೀರಿ. ಅದೊಂದೇ ಸಾಲದು.

ತೂಕ, ಎತ್ತರದಿಂದ ಸಿಗುವುದು ಶಕ್ತಿ ಮಾತ್ರ: 2 × 9.8 × 10 = 196 ಜೌಲ್. ಬಲ ಎಷ್ಟು ಅನ್ನೋದು ಕಲ್ಲು ಎಷ್ಟು ದೂರದೊಳಗೆ ನಿಂತಿತು ಅನ್ನೋದರ ಮೇಲಿದೆ. ಮರಳಿಗೆ ಬಿದ್ದು 5 ಸೆಂಟಿಮೀಟರ್ ಹೂತುಕೊಂಡರೆ ಸರಾಸರಿ ಸುಮಾರು 3,900 ನ್ಯೂಟನ್.

ಬಂಡೆ ಹಾಗೆ ಜಾಗ ಕೊಡಲ್ಲ. ಅಲ್ಲಿ ಹರ್ಟ್ಸ್ ಸೂತ್ರ ಬೇಕು, ಅಂದ್ರೆ ಒಂದಕ್ಕೊಂದು ಒತ್ತಿಕೊಂಡ ಎರಡು ಗಟ್ಟಿ ವಸ್ತುಗಳು ಎಷ್ಟು ತಗ್ಗುತ್ತವೆ, ನಡುವಿನ ಬಲ ಎಷ್ಟು ಅಂತ ಹೇಳುವ ಸೂತ್ರ. ಅದಕ್ಕೆ ಯಂಗ್ ಮಾಡ್ಯುಲಸ್ ಜೊತೆಗೆ ಪಾಯ್ಸನ್ ಅನುಪಾತ (ಒತ್ತಿದಾಗ ವಸ್ತು ಪಕ್ಕಕ್ಕೆ ಎಷ್ಟು ಉಬ್ಬುತ್ತದೆ ಅನ್ನೋದು), ಕಲ್ಲು ತಾಗುವ ಕಡೆಯ ತ್ರಿಜ್ಯ ಕೂಡ ಗೊತ್ತಿರಬೇಕು. ಎರಡೂ ಗ್ರಾನೈಟ್, ಯಂಗ್ ಮಾಡ್ಯುಲಸ್ 50 ಗಿಗಾಪಾಸ್ಕಲ್ (ಒಂದು ಗಿಗಾಪಾಸ್ಕಲ್ ಅಂದ್ರೆ ಚದರ ಮೀಟರಿಗೆ 100 ಕೋಟಿ ನ್ಯೂಟನ್), ಕಲ್ಲು ಪೂರ್ತಿ ದುಂಡಗಿದೆ ಅಂದುಕೊಳ್ಳೋಣ. ಆಗ ಕಲ್ಲು, ಬಂಡೆ ಎರಡೂ ಸೇರಿ ತಗ್ಗುವುದು ಬರೀ 1.3 ಮಿಲಿಮೀಟರ್. ಗರಿಷ್ಠ ಬಲ ಸುಮಾರು 3.8 ಲಕ್ಷ ನ್ಯೂಟನ್!

ಈ ಅಂಕಿಯನ್ನು ಮೇಲಿನ ಮಿತಿ ಅಂತಷ್ಟೇ ತಗೊಳ್ಳಿ. ಏನೂ ಒಡೆಯದೆ ಸ್ಪ್ರಿಂಗ್‌ನಂತೆ ಮರಳುತ್ತದೆ ಅಂತ ಸೂತ್ರ ಅಂದುಕೊಂಡಿದೆ. ಆದರೆ ತಾಗಿದ ಜಾಗದಲ್ಲಿ ಸರಾಸರಿ ಒತ್ತಡವೇ 1.7 ಗಿಗಾಪಾಸ್ಕಲ್ ಬರುತ್ತದೆ. ಗ್ರಾನೈಟ್ ತುಂಡನ್ನು ಪ್ರೆಸ್‌ನಲ್ಲಿ ಇಟ್ಟು ಒತ್ತಿದರೆ ಸಾಮಾನ್ಯವಾಗಿ 0.2 ಗಿಗಾಪಾಸ್ಕಲ್ ಆಸುಪಾಸಿನಲ್ಲೇ ಒಡೆಯುತ್ತದೆ. ಹಾಗಾಗಿ ತಾಗಿದ ಕಡೆ ಪುಡಿಯಾಗಿ ಚಕ್ಕೆ ಏಳುತ್ತದೆ, ಬಲ ಅಷ್ಟು ಏರೋದೇ ಇಲ್ಲ. ಕಲ್ಲಿಗೆ ಚೂಪು ಮೂಲೆ ಇದ್ದರಂತೂ ಇನ್ನೂ ಬೇಗ.